ಮಲ್ಲಪ್ಪನ ಕ್ಯೂಬುಗಳು ಮತ್ತು ನನ್ನ ನೀತಿಪಾಠ

ಎಂಜಿನಿಯರಿಂಗ್ ಎಥಿಕ್ಸ್ ಎಂಬ ಪೇಪರ್ ನನ್ನ ಪಾಲಿಗೆ ಬಂದದ್ದು ನಾನು ಅದಕ್ಕೆ ಯೋಗ್ಯಳೆಂದಲ್ಲ. ಟೈಮ್‌ಟೇಬಲ್ ಹಂಚುವ ದಿನ ನಾನು ಕಾಲೇಜಿಗೆ ಹೋಗಿರಲಿಲ್ಲ, ಅಷ್ಟೆ. ವಿಶ್ವವಿದ್ಯಾಲಯ ಹೊಸದಾಗಿ ಸೇರಿಸಿದ್ದ ಪೇಪರ್ ಅದು, ಯಾರಿಗೂ ಬೇಡವಾಗಿತ್ತು. ಮರುದಿನ ಹೋದರೆ ನಮ್ಮ ಸಿವಿಲ್ ವಿಭಾಗದ ಮುಖ್ಯಸ್ಥರಾದ ರಾವ್ ಸಾರ್, ಹೆಣ್ಣುಮಕ್ಕಳು ಇಂಥದ್ದನ್ನು ಮೃದುವಾಗಿ ಹೇಳುತ್ತಾರೆ ಎಂದು ನಕ್ಕು ಪುಸ್ತಕ ಕೈಗಿಟ್ಟರು. ನಾನು ಕಾಂಕ್ರೀಟ್ ಓದಿದವಳು. ಕಲಬುರಗಿಯಲ್ಲಿ ಬಿ.ಇ. ಮಾಡಿ, ಮದುವೆಯಾಗಿ ಹೈದರಾಬಾದಿನ ನಾರಾಯಣಗೂಡಕ್ಕೆ ಬಂದು, ಊರಾಚೆಯ ಒಂದು ಖಾಸಗಿ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದೆ. ಜತೆಗೆ ಮೆಟೀರಿಯಲ್ ಟೆಸ್ಟಿಂಗ್ ಲ್ಯಾಬ್ ನನ್ನ ಸುಪರ್ದಿಯಲ್ಲಿತ್ತು.

ನಾನು ನಿವೃತ್ತಳಾದ ಮೇಲೆ, ಈಗ ಆ ಪೇಪರ್ ಕಲಿಸುತ್ತಿರುವ ಚಿಕ್ಕ ವಯಸ್ಸಿನ ಅಧ್ಯಾಪಕರು ಆಗಾಗ ಫೋನ್ ಮಾಡುತ್ತಾರೆ. ಮೇಡಂ, ಅದನ್ನು ಹೇಗೆ ಕಲಿಸುತ್ತಿದ್ದಿರಿ ಎಂದು ಕೇಳುತ್ತಾರೆ. ಫೋನಿನಲ್ಲಿ ಏನೋ ಹೇಳಿ ಮುಗಿಸುತ್ತೇನೆ. ನಿಜವಾಗಿ ಆದದ್ದನ್ನು ಬರೆದರೆ ಅವರಿಗೆ ಉಪಯೋಗವಾದೀತು ಅನಿಸಿದ್ದರಿಂದ ಬರೆಯುತ್ತಿದ್ದೇನೆ. ಕಲಿಸುವ ವಿಧಾನ ಇದರಲ್ಲಿ ಸಿಗುವುದಿಲ್ಲ. ನನಗೆ ಸಿಕ್ಕಿದ್ದರೆ ತಾನೆ.

ಅದು ಊರಂಚಿನ ಮಾದಾಪುರದ ಬಂಡೆಗಳನ್ನು ಒಡೆದು ಗಾಜಿನ ಕಟ್ಟಡಗಳನ್ನು ಎಬ್ಬಿಸುತ್ತಿದ್ದ ಕಾಲ. ನಾನು ನಾಂಪಲ್ಲಿಯಲ್ಲಿ ಲೋಕಲ್ ಟ್ರೇನ್ ಹತ್ತಿ ಲಿಂಗಂಪಲ್ಲಿಯಲ್ಲಿ ಇಳಿದು ಕಾಲೇಜಿನ ಬಸ್ ಹಿಡಿಯುತ್ತಿದ್ದೆ. ಪ್ರತಿ ತಿಂಗಳೂ ಕಿಟಕಿಯಾಚೆ ಹೊಸ ಕ್ರೇನ್ ಕಾಣುತ್ತಿತ್ತು. ವಿಚಿತ್ರವೆಂದರೆ ಊರೆಲ್ಲ ಕಟ್ಟಡ ಏಳುತ್ತಿದ್ದರೂ ಕಟ್ಟಡ ಕಟ್ಟುವುದನ್ನು ಕಲಿಯಲು ಬಂದ ನಮ್ಮ ಹುಡುಗರಿಗೆ ಅದು ಬೇಕಿರಲಿಲ್ಲ. ಅವರಿಗೆ ಆ ಕಟ್ಟಡಗಳ ಒಳಗೆ ಕೂತು ಮಾಡುವ ಕೆಲಸ ಬೇಕಿತ್ತು. ಸಂಜೆಯಾದರೆ ಅಮೀರ್‌ಪೇಟೆಗೆ ಓಡಿ ಯಾವುದಾದರೂ ಸಾಫ್ಟ್‌ವೇರ್ ಕೋರ್ಸಿನಲ್ಲಿ ಕೂರುತ್ತಿದ್ದರು.

ಪುಸ್ತಕದಲ್ಲಿದ್ದದ್ದೆಲ್ಲ ಬೇರೆ ದೇಶದ ಕಥೆಗಳು: ಸಿಡಿದ ರಾಕೆಟ್ಟು, ಬೆಂಕಿ ಹತ್ತಿದ ಕಾರು, ಮೇಲಧಿಕಾರಿಯ ಮಾತು ಮೀರಿ ಸತ್ಯ ಹೇಳಿದ ಎಂಜಿನಿಯರು. ಮೊದಲ ಎರಡು ವರ್ಷ ಅವನ್ನೇ ಓದಿಸಿದೆ. ಹುಡುಗರು ಚೆನ್ನಾಗಿಯೇ ಬಾಯಿಪಾಠ ಮಾಡಿದರು. ಮೊದಲ ತಂಡದ ಫಣೀಂದ್ರ ಎಂಬ ಹುಡುಗ, ಸತ್ಯ ಹೇಳಬೇಕಾದ ಎಂಜಿನಿಯರನ ಕರ್ತವ್ಯದ ಬಗ್ಗೆ ಎಷ್ಟು ಸೊಗಸಾಗಿ ಬರೆದಿದ್ದನೆಂದರೆ, ಆ ಉತ್ತರವನ್ನು ಮುಂದಿನ ತರಗತಿಗಳಿಗೂ ಓದಿ ಹೇಳುತ್ತಿದ್ದೆ. ಎಲ್ಲರಿಗಿಂತ ಹೆಚ್ಚು ಅಂಕ ಅವನಿಗೇ ಬಂತು. ಇಷ್ಟಾದರೂ ಯಾರಿಗೂ ಏನೂ ತಟ್ಟಿಲ್ಲ ಎಂಬ ಅನುಮಾನ ನನಗೆ ಉಳಿದೇ ಇತ್ತು.

ಮೂರನೆಯ ವರ್ಷ ವಿಧಾನ ಬದಲಿಸಿದೆ. ರಾಕೆಟ್ಟು ಬಿಡಿ, ನಿಮ್ಮ ಮನೆಯಲ್ಲೋ ಓಣಿಯಲ್ಲೋ ಕಂಡ ಒಂದು ಕೆಲಸದ ಬಗ್ಗೆ ಎದ್ದು ನಿಂತು ಹೇಳಿ ಅಂದೆ. ಮೊದಲ ದಿನವೇ ಕೈ ಸುಟ್ಟುಕೊಂಡೆ. ಹಿಂದಿನ ಬೆಂಚಿನ ಒಬ್ಬ ಎದ್ದು, ಅಮೀರ್‌ಪೇಟೆಯಲ್ಲಿ ತನ್ನ ಅಣ್ಣ ಬಯೋಡೇಟಾ ಮಾಡಿಸಿದ್ದನ್ನು ವರ್ಣಿಸಿದ. ಕೆಲಸವೇ ಮಾಡದವನಿಗೆ ಎರಡು ವರ್ಷದ ಅನುಭವ ಬರೆದು ಕೊಡುತ್ತಾರಂತೆ. ಅದನ್ನು ಹಾಕದಿದ್ದರೆ ಯಾರೂ ಕರೆಯುವುದಿಲ್ಲ, ಹಾಕಿದರೆ ಸುಳ್ಳು. ಯಾವುದು ಬರೆದುಕೊಳ್ಳಲಿ ಮೇಡಂ ಎಂದು ಪೆನ್ನು ಹಿಡಿದೇ ಕೇಳಿದ, ನಾನು ಡಿಕ್ಟೇಷನ್ ಕೊಡುತ್ತೇನೆ ಎಂಬಂತೆ. ಸುಳ್ಳು ಬರೆಯಬಾರದು ಅಂದೆ. ಹಾಗಾದರೆ ಇವನ ಅಣ್ಣ ಈಗ ಸಿಕ್ಕ ಕೆಲಸವನ್ನು ಚೆನ್ನಾಗಿ ಮಾಡುತ್ತಿದ್ದಾನಲ್ಲ, ಅದು ತಪ್ಪೇ ಎಂದು ಇನ್ನೊಬ್ಬಳು ಕೇಳಿದಳು. ಗಂಟೆ ಹೊಡೆದದ್ದು ಪುಣ್ಯ.

ರೇಣುಕಾ ಆ ತರಗತಿಯಲ್ಲಿದ್ದಳು. ಯಾದಗಿರಿ ಕಡೆಯವಳು, ತೆಳ್ಳಗಿನ ಹುಡುಗಿ, ಎರಡು ಜಡೆ. ಅವಳ ತಂದೆ ಮಲ್ಲಪ್ಪ ಮಾದಾಪುರದ ಒಂದು ದೊಡ್ಡ ಕಟ್ಟಡದ ಕೆಲಸದಲ್ಲಿ ಮೇಸ್ತ್ರಿ. ಅಲ್ಲಿಯೇ ತಗಡಿನ ಶೆಡ್ಡಿನಲ್ಲಿ ಸಂಸಾರ. ತರಗತಿಯಲ್ಲಿ ಅವಳು ತೆಲುಗು, ಇಂಗ್ಲಿಷ್ ಆಡುತ್ತಿದ್ದಳು. ಲ್ಯಾಬಿನಲ್ಲಿ ಯಾರೂ ಇಲ್ಲದಾಗ ಮಾತ್ರ ನನ್ನೊಡನೆ ಕನ್ನಡ. ನನಗೂ ಆ ನಮ್ಮ ಕಡೆಯ ಮಾತು ಕೇಳಲು ಹಿತವಾಗಿತ್ತು.

ಇಲ್ಲಿ ಲ್ಯಾಬಿನ ಕೆಲಸವನ್ನು ಸ್ವಲ್ಪ ಹೇಳಬೇಕು. ಕಟ್ಟಡಕ್ಕೆ ಕಾಂಕ್ರೀಟ್ ಸುರಿಯುವಾಗ ಅದೇ ಕಲಸಿನಿಂದ ಒಂದಿಷ್ಟು ತೆಗೆದು ಕಬ್ಬಿಣದ ಅಚ್ಚಿಗೆ ತುಂಬುತ್ತಾರೆ. ಗಟ್ಟಿಯಾದ ಮೇಲೆ ಅದೊಂದು ಚೌಕದ ಕಲ್ಲು. ಅದಕ್ಕೆ ಕ್ಯೂಬ್ ಅನ್ನುತ್ತೇವೆ. ನೀರಲ್ಲಿಟ್ಟು ಹದ ಬಂದ ಮೇಲೆ ಯಂತ್ರಕ್ಕೆ ಕೊಟ್ಟು, ಎಷ್ಟು ಭಾರಕ್ಕೆ ಒಡೆಯುತ್ತದೆ ನೋಡಬೇಕು. ಕ್ಯೂಬ್ ಗಟ್ಟಿಯಿದ್ದರೆ ಕಟ್ಟಡದ ಕಾಂಕ್ರೀಟೂ ಗಟ್ಟಿ ಎಂಬ ನಂಬಿಕೆ. ಸುತ್ತಲಿನ ಹಲವು ಕಟ್ಟಡಗಳ ಕ್ಯೂಬುಗಳು ನಮ್ಮ ಲ್ಯಾಬಿಗೇ ಬರುತ್ತಿದ್ದವು, ರಿಪೋರ್ಟಿಗೆ ನನ್ನ ಸಹಿ. ಅವುಗಳಲ್ಲಿ ಒಂದು ಕಟ್ಟಡದ ಕ್ಯೂಬುಗಳು ಯಾವಾಗಲೂ ಅಚ್ಚುಕಟ್ಟು. ಅಂಚು ಎಲ್ಲಿಯೂ ಮುಕ್ಕಾಗಿರುವುದಿಲ್ಲ, ಮೈಯಲ್ಲಿ ಒಂದು ತೂತಿಲ್ಲ. ಆ ಕಟ್ಟಡದ ಸೈಟ್ ಎಂಜಿನಿಯರು ಬೇರಾರೂ ಅಲ್ಲ, ಓದು ಮುಗಿಸಿ ಕೆಲಸಕ್ಕೆ ಸೇರಿದ್ದ ನಮ್ಮ ಫಣೀಂದ್ರ. ನನಗೆ ಹೆಮ್ಮೆ. ಒಂದು ದಿನ ಒಂದು ಕ್ಯೂಬನ್ನು ಮೇಜಿನ ಮೇಲಿಟ್ಟು, ಕೆಲಸ ಎಂದರೆ ಹೀಗಿರಬೇಕು ನೋಡಿ ಎಂದು ಹುಡುಗರಿಗೆ ತೋರಿಸಿದೆ. ಎಲ್ಲರೂ ಹೋದ ಮೇಲೆ ರೇಣುಕಾ ಹಿಂದೆ ಉಳಿದಳು.

“ಮೇಡಂ, ಅವು ನಮ್ಮಪ್ಪ ಮಾಡಿದ್ದುರಿ,” ಅಂದಳು. ಮುಖ ಅರಳಿತ್ತು.

ಹಾಗಾದರೆ ಎಥಿಕ್ಸ್ ತರಗತಿಯಲ್ಲಿ ಅದನ್ನೇ ಹೇಳು ಅಂದೆ. ಒಳ್ಳೆಯ ಕೆಲಸದ ಉದಾಹರಣೆಯೂ ಒಂದು ಬೇಕಿತ್ತು ನನಗೆ. ಕೇಳಿ ಕೇಳಿ ಬರೀ ವಂಚನೆಯ ಕಥೆಗಳೇ ಆಗಿದ್ದವು.

ಆ ಶುಕ್ರವಾರ ಅವಳು ಎದ್ದು ನಿಂತು ಇಂಗ್ಲಿಷಿನಲ್ಲಿ ತುಂಬ ಉತ್ಸಾಹದಿಂದ ಶುರುಮಾಡಿದಳು. ಅಪ್ಪ ಕ್ಯೂಬ್ ಮಾಡುವ ದಿನ ಬೇರೆ ಯಾರನ್ನೂ ಹತ್ತಿರ ಬಿಡುವುದಿಲ್ಲ. ಸಣ್ಣ ಜಲ್ಲಿಯನ್ನು ನೀರಲ್ಲಿ ತೊಳೆಯುತ್ತಾನೆ. ಮರಳನ್ನು ಜರಡಿ ಹಿಡಿಯುತ್ತಾನೆ. ಬೇರೆಯೇ ಬಾಣಲೆಯಲ್ಲಿ ಸಿಮೆಂಟು ಒಂದು ಹಿಡಿ ಜಾಸ್ತಿ ಹಾಕಿ ಕೈಯಿಂದಲೇ ಕಲಸುತ್ತಾನೆ. ಅಚ್ಚಿಗೆ ತುಂಬಿ ಕುಟ್ಟಿ ಕುಟ್ಟಿ ಕೂರಿಸುತ್ತಾನೆ. ಒದ್ದೆ ಗೋಣಿ ಹೊದಿಸಿ...

ಅಲ್ಲಿ ಅವಳ ಮಾತು ನಿಧಾನವಾಯಿತು. ಬೇರೆ ಬಾಣಲೆ, ಬೇರೆ ಕಲಸು ಎಂದು ತಾನೇ ಹೇಳಿದ್ದು ತನಗೇ ಕೇಳಿಸಿತೆಂದು ಕಾಣುತ್ತದೆ. ನನ್ನ ಮುಖ ನೋಡಿದಳು. ಕಟ್ಟಡಕ್ಕೆ ಹೋಗುವ ಕಾಂಕ್ರೀಟ್ ಒಂದು, ನಮ್ಮ ಲ್ಯಾಬಿಗೆ ಬರುವ ಕ್ಯೂಬ್ ಇನ್ನೊಂದು. ನಾನು ಇಷ್ಟು ದಿನ ಸಹಿ ಹಾಕಿದ್ದು ಮಲ್ಲಪ್ಪನ ಕೈಚಳಕಕ್ಕೇ ಹೊರತು ಕಟ್ಟಡಕ್ಕಲ್ಲ. ತರಗತಿಯಲ್ಲಿ ಎಷ್ಟು ಜನಕ್ಕೆ ಅರ್ಥವಾಯಿತೋ ತಿಳಿಯದು. ಮುಂದಿನ ಬೆಂಚಿನ ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ನಾನು ವೆರಿ ಗುಡ್, ಕೂತುಕೋ ಅಂದೆ.

ನೇರವಾಗಿ ರಾವ್ ಸಾರ್ ಬಳಿ ಹೋದೆ. ಅವರು ಒಳ್ಳೆಯವರು, ಗಾಬರಿಯಾಗುವ ಸ್ವಭಾವದವರಲ್ಲ. ರಿಪೋರ್ಟಿನ ಕೆಳಗಿನ ಸಾಲು ಓದಿಲ್ಲವೇ ಎಂದು ಕೇಳಿದರು. ‘ಪಾರ್ಟಿಯವರು ತಂದುಕೊಟ್ಟ ಸ್ಯಾಂಪಲ್ಲಿಗೆ ಮಾತ್ರ ಈ ಫಲಿತಾಂಶ ಅನ್ವಯಿಸುತ್ತದೆ’ ಎಂದು ಅಲ್ಲಿ ಅಚ್ಚಾಗಿರುತ್ತದೆ. ನಾವು ಕ್ಯೂಬಿಗೆ ಜವಾಬ್ದಾರರು, ಕಟ್ಟಡಕ್ಕೆ ಅವರ ಕನ್ಸಲ್ಟೆಂಟ್ ಜವಾಬ್ದಾರ. ಒಂದು ಹುಡುಗಿ ಕ್ಲಾಸಿನಲ್ಲಿ ಹೇಳಿದ್ದನ್ನು ಹಿಡಿದು ಯಾರಿಗೆ ಏನೆಂದು ಬರೆಯುತ್ತೀರಿ ಎಂದರು. ಅವರ ಮಾತಿನಲ್ಲಿ ತಪ್ಪು ಹುಡುಕಲು ನೋಡಿದೆ, ಸಿಗಲಿಲ್ಲ. ಸಮಾಧಾನವೂ ಆಗಲಿಲ್ಲ.

ಭಾನುವಾರ ಬೆಳಿಗ್ಗೆ ರೇಣುಕಾ ವಿಳಾಸ ಕೇಳಿಕೊಂಡು ನಾರಾಯಣಗೂಡದ ನಮ್ಮ ಮನೆಗೆ ಬಂದಳು. ಉಪ್ಪಿಟ್ಟು ಕೊಟ್ಟರೆ ತಟ್ಟೆ ಹಿಡಿದುಕೊಂಡೇ ಕೂತಳು.

“ಮೇಡಂ, ನಾ ಕ್ಲಾಸಿನ್ಯಾಗ ಹೇಳಿದ್ದು ಮಾರ್ಕ್ಸಿನ ಸಲುವಾಗಿರಿ. ಅಪ್ಪಗ ಅದು ಖೊಟ್ಟಿ ಕೆಲಸ ಅಂತ ಗೊತ್ತs ಇಲ್ಲ. ಅಪ್ಪನ ಹೆಸರು ಹೊರಗ ಬರಬಾರದು ನೋಡ್ರಿ.”

ಅವನ ಹೆಸರು ನನ್ನ ಬಾಯಿಂದ ಬರುವುದಿಲ್ಲ ಎಂದು ಮಾತು ಕೊಟ್ಟೆ. ಕೊಡುವಾಗಲೇ, ಅವನ ಹೆಸರು ಬಿಟ್ಟು ಈ ವಿಷಯವನ್ನು ಹೇಳುವುದು ಹೇಗೆ ಎಂಬ ಗೊಂದಲ ಹತ್ತಿತು. ಅವಳು ಅಷ್ಟಕ್ಕೆ ಸಮಾಧಾನಗೊಂಡು ತಣ್ಣಗಾದ ಉಪ್ಪಿಟ್ಟು ತಿಂದು ಹೋದಳು.

ಯಾರಿಗೂ ಹೇಳದಿದ್ದರೂ ಹೋಗಿ ನೋಡಬಹುದಲ್ಲ ಅನಿಸಿತು. ಎರಡು ದಿನ ಬಿಟ್ಟು ಲ್ಯಾಬಿನ ರಿಬೌಂಡ್ ಹ್ಯಾಮರ್ ಚೀಲಕ್ಕೆ ಹಾಕಿಕೊಂಡು ಮಾದಾಪುರಕ್ಕೆ ಹೋದೆ. ಅದೊಂದು ಸಣ್ಣ ಉಪಕರಣ. ಕಂಬಕ್ಕೆ ಒತ್ತಿದರೆ ಒಳಗಿನ ಸ್ಪ್ರಿಂಗು ಎಗರಿ, ಕಾಂಕ್ರೀಟ್ ಎಷ್ಟು ಗಟ್ಟಿ ಎಂದು ಅಂದಾಜು ಕೊಡುತ್ತದೆ. ಫಣೀಂದ್ರ ಹೆಲ್ಮೆಟ್ ತೆಗೆದು ಕಾಲು ಮುಟ್ಟಿ ನಮಸ್ಕಾರ ಮಾಡಿದ, ಚಹಾ ತರಿಸಿದ. ಹುಡುಗರಿಗೆ ತೋರಿಸಲು ಒಂದಿಷ್ಟು ರೀಡಿಂಗ್ ಬೇಕು ಎಂದು ನಾನು ಹೇಳಿದೆ. ಅವನು ಹ್ಯಾಮರನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ಹಿಂದಕ್ಕೆ ಕೊಟ್ಟ. ಆಮೇಲೆ ತಾನಾಗಿಯೇ ಮಾತು ತೆಗೆದ. ಅವನದು ತೆಲುಗು ಇಂಗ್ಲಿಷ್ ಬೆರೆತ ಮಾತು. ಅದರ ಸಾರವನ್ನು ಹೇಳುತ್ತೇನೆ. ಕ್ಯೂಬುಗಳನ್ನು ಬೇರೆ ಮಾಡಿಸುವುದು ನಿಜ. ಕಾಂಕ್ರೀಟ್ ಕೆಟ್ಟದ್ದೆಂದಲ್ಲ, ಸೈಟಿನಲ್ಲಿ ಮಾಡಿದ ಕ್ಯೂಬನ್ನು ಯಾರೋ ಬಿಸಿಲಲ್ಲಿಟ್ಟು, ಯಾರೋ ಕಾಲಲ್ಲಿ ಒದ್ದು, ಒಳ್ಳೆಯ ಕಾಂಕ್ರೀಟಿನ ಕ್ಯೂಬೂ ಫೇಲಾಗುತ್ತದೆ. ಒಂದು ಫೇಲಾದರೆ ಕೆಲಸ ನಿಲ್ಲುತ್ತದೆ, ಕಂಪನಿಗಳು ಒಳಗೆ ಬರಲು ಕಾದು ಕೂತಿವೆ. ಎಲ್ಲ ಸೈಟಿನಲ್ಲೂ ಹೀಗೆಯೇ.

“ಕಂಬಗಳು ಗಟ್ಟಿಯಾಗಿವೆ ಮೇಡಂ, ನೀವೇ ನೋಡಿ,” ಎಂದು ಅವನೇ ನನ್ನನ್ನು ಮಹಡಿಗೆ ಕರೆದೊಯ್ದ.

ಅವನು ಹೇಳಿದ್ದು ಬಹುಮಟ್ಟಿಗೆ ನಿಜವಾಗಿತ್ತು. ಕೆಳಗಿನ ಮಹಡಿಗಳ ಕಂಬಗಳು ಚೆನ್ನಾಗಿದ್ದವು. ನನಗೆ ಹಗುರವಾಯಿತು. ಮೇಲೊಂದು ಮಹಡಿಯಲ್ಲಿ, ಮೂಲೆಯ ಸಾಲಿನ ಕೆಲವು ಕಂಬಗಳಲ್ಲಿ ರೀಡಿಂಗ್ ಇಳಿಯಿತು. ಇನ್ನೊಮ್ಮೆ ಒತ್ತಿದೆ, ಜಾಗ ಬದಲಿಸಿ ಒತ್ತಿದೆ. ಫಣೀಂದ್ರ ನನ್ನ ಕೈಯಿಂದ ಹ್ಯಾಮರ್ ಇಸಿದುಕೊಂಡು ತಾನೂ ನೋಡಿದ. ಮೈ ಒದ್ದೆಯಿದ್ದರೆ ಇದು ಕಡಿಮೆ ತೋರಿಸುತ್ತದಲ್ಲ ಮೇಡಂ ಎಂದ. ಹೌದು, ತೋರಿಸುತ್ತದೆ; ಅದನ್ನು ಅವನಿಗೆ ಕಲಿಸಿದವಳು ನಾನೇ. ಕಂಬ ಮುಟ್ಟಿ ನೋಡಿದರೆ ಒದ್ದೆಯೋ ತಂಪೋ ಗೊತ್ತಾಗಲಿಲ್ಲ. ಇಬ್ಬರೂ ಇಳಿದು ಬಂದೆವು. ಗೇಟಿನವರೆಗೆ ಬಂದು ಬೀಳ್ಕೊಟ್ಟ, ಏನು ಮಾಡುತ್ತೀರಿ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಆ ವಾರ ನಾನು ಪಾಠ ಮಾಡಿದ್ದು ಹೇಗೋ. ಟ್ರೇನಿನಲ್ಲಿ ಕೂತರೆ ಒಮ್ಮೆ ಆ ಕಂಬಗಳ ಸುತ್ತ ಓಡಾಡುವ ಜನ ಕಣ್ಣಿಗೆ ಬರುತ್ತಿದ್ದರು, ಇನ್ನೊಮ್ಮೆ ತಟ್ಟೆ ಹಿಡಿದು ಕೂತ ರೇಣುಕಾ. ಯಜಮಾನರನ್ನು ಕೇಳಿದೆ. ಅವರು ಬ್ಯಾಂಕಿನವರು, ಖಾತ್ರಿಯಿಲ್ಲದೆ ಯಾರ ಮೇಲೂ ಬರೆಯಬಾರದು ಎಂದರು, ಸ್ವಲ್ಪ ಹೊತ್ತಾದ ಮೇಲೆ, ಖಾತ್ರಿಯಾಗುವುದಕ್ಕೆ ಯಾರಾದರೂ ಬರೆಯಲೇಬೇಕಲ್ಲ ಎಂದೂ ಅಂದರು.

ನಾನು ಹೀಗೆ ತೂಗುತ್ತಿರುವಾಗಲೇ ಸುದ್ದಿ ಬಂತು: ಫಣೀಂದ್ರನೇ ಕಟ್ಟಡದ ಕನ್ಸಲ್ಟೆಂಟಿಗೆ ಬರೆದುಕೊಟ್ಟಿದ್ದ. ಅವರು ಕಂಬಗಳಿಂದ ಕಾಂಕ್ರೀಟನ್ನು ಕೊರೆದು ತೆಗೆದು ಪರೀಕ್ಷೆ ಮಾಡಿಸಿದರು. ಕೆಲವು ಪಾಸಾದವು, ಕೆಲವು ಆಗಲಿಲ್ಲ. ದುರ್ಬಲವೆಂದು ಕಂಡ ಕಂಬಗಳಿಗೆ ಸುತ್ತಲೂ ಕಬ್ಬಿಣ ಕಟ್ಟಿ, ಮತ್ತೆ ಕಾಂಕ್ರೀಟ್ ಹಾಕಿ ದಪ್ಪ ಮಾಡಿದರು. ಕಟ್ಟಡ ತಡವಾಯಿತು. ಕಂಟ್ರಾಕ್ಟರು ಫಣೀಂದ್ರನನ್ನು ತೆಗೆದುಹಾಕಿದ. ಕ್ಯೂಬ್ ಮಾಡುತ್ತಿದ್ದವನು ಯಾರು ಎಂದು ವಿಚಾರಿಸಿದರೆ ಸೈಟಿನಲ್ಲಿ ಯಾರು ಬೇಕಾದರೂ ಹೇಳುತ್ತಿದ್ದರು. ಮಲ್ಲಪ್ಪನನ್ನೂ ಅವನ ಜತೆಗಿನವರನ್ನೂ ಶೆಡ್ ಬಿಡಿಸಿದರು. ಅವನ ಹೆಸರು ನನ್ನ ಬಾಯಿಂದ ಬರಲಿಲ್ಲ. ಬರದಿದ್ದುದರಿಂದ ಏನೂ ವ್ಯತ್ಯಾಸವಾಗಲಿಲ್ಲ.

ಅವರೆಲ್ಲ ಲಿಂಗಂಪಲ್ಲಿಯ ಕಡೆ ಒಂದು ಅಪಾರ್ಟ್‌ಮೆಂಟಿನ ಕೆಲಸಕ್ಕೆ ಸೇರಿದ್ದಾರೆಂದು ತಿಳಿದು, ಒಂದು ಸಂಜೆ ಬಸ್ಸಿಳಿದವಳು ಸ್ಟೇಷನ್ನಿಗೆ ಹೋಗದೆ ಅಲ್ಲಿಗೆ ಹೋದೆ. ಮಲ್ಲಪ್ಪನನ್ನು ನಾನು ನೋಡಿದ್ದು ಅದೇ ಮೊದಲು. ಗಿಡ್ಡ ಆಳು, ನರೆತ ಮೀಸೆ, ತಲೆಗೆ ಟವೆಲ್. ಮಗಳ ಮೇಡಂ ಎಂದು ಹೇಳಿದ ಕೂಡಲೇ ಒಂದು ಸಿಮೆಂಟಿನ ಇಟ್ಟಿಗೆ ಒರೆಸಿ ಕೂರಲು ಕೊಟ್ಟ. ಸಿಟ್ಟು ಮಾಡುತ್ತಾನೆಂದು ತಯಾರಾಗಿ ಹೋಗಿದ್ದೆ. ಅವನಿಗೆ ಸಿಟ್ಟಿರಲಿಲ್ಲ, ನನ್ನ ಹಾಗೆಯೇ ಏನೂ ತಿಳಿಯದಾಗಿತ್ತು.

“ಮೇಡಂರಿ, ಅದು ತಪ್ಪು ಅಂತ ಯಾರೂ ಹೇಳಿದ್ದಿಲ್ಲರಿ. ಶಾಬಾಸ್ ಅಂದಿದ್ರು. ಮಲ್ಲಪ್ಪನ ಕ್ಯೂಬ್ ಒಂದೂ ಫೇಲ್ ಆಗಿಲ್ಲ ಅಂತ ಸಾಹೇಬ್ರು ಎಲ್ಲಾರ ಮುಂದ ಹೇಳ್ತಿದ್ರು.” ಸ್ವಲ್ಪ ತಡೆದು ಅಂದ, “ಮನಿಗೆ ಬೀಗರು ಬರ್ತಾರಂದ್ರ ನಾವು ದಿನಾ ಮಾಡೂ ಅಡಗಿನೇ ಬಡಸ್ತೀವೇನ್ರಿ? ಹೋಳಗಿ ಮಾಡ್ತೀವಿ. ಪರೀಕ್ಷಾಕ್ಕ ಹೋಗೂದು ಚಲೋ ಇರಬೇಕಂತ ಮಾಡೀನ್ರಿ.”

ಬೀಗರು ಹೋಳಿಗೆ ತಿಂದು ಹೋಗುತ್ತಾರೆ, ಹೋಳಿಗೆ ನಂಬಿ ಮೇಲೆ ಮಹಡಿ ಕಟ್ಟುವುದಿಲ್ಲ ಎಂದು ಹೇಳಬೇಕೆಂದುಕೊಂಡೆ. ಅಷ್ಟರಲ್ಲಿ ಹಿಂದಿನ ತಿಂಗಳು ನಮ್ಮ ಕಾಲೇಜಿಗೆ ಬಂದ ಇನ್‌ಸ್ಪೆಕ್ಷನ್ ನೆನಪಾಯಿತು. ಕಮಿಟಿ ಬರುವ ಮುನ್ನಾದಿನ ಲಾರಿಯಲ್ಲಿ ಬೇರೆ ಕಡೆಯಿಂದ ಯಂತ್ರಗಳು ಬಂದಿದ್ದವು. ಅವರು ಹೋದ ಮರುದಿನ ಅದೇ ಲಾರಿಯಲ್ಲಿ ಹಿಂದಿರುಗಿದವು. ಬೀಗರ ಊಟ ನಮ್ಮಲ್ಲೂ ನಡೆದಿತ್ತು. ಚೀಲ ತೆಗೆದುಕೊಂಡು ಎದ್ದೆ. ಹೊರಡುವಾಗ ಅವನೇ ಕೇಳಿದ: “ಅಲ್ಲರಿ, ಈಗ ನಾ ಇಲ್ಲಿ ಕ್ಯೂಬ್ ಹೆಂಗ ಮಾಡಬೇಕು? ಇಲ್ಲೀ ಸಾಹೇಬ್ರೂ ನನಗs ಹೇಳ್ಯಾರ.” ಎಲ್ಲಕ್ಕೂ ಹಾಕುವ ಕಲಸಿನಿಂದಲೇ ಮಾಡು ಅಂದೆ. “ಫೇಲ್ ಆದ್ರ?” ಅಂದ. ಫೇಲಾದರೆ ಆಗಲಿ ಅಂದೆ. ನಾನು ತಮಾಷೆ ಮಾಡುತ್ತಿದ್ದೇನೋ ಎಂದು ನನ್ನ ಮುಖವನ್ನೇ ನೋಡಿದ.

ರೇಣುಕಾ ನನ್ನೊಡನೆ ಮಾತು ಬಿಟ್ಟಳು. ಮೇಡಂ ಮಾತು ಕೊಟ್ಟು ಹೋಗಿ ಹೇಳಿಬಿಟ್ಟರು ಎಂದು ಅವಳು ತಿಳಿದಿದ್ದಳು. ಲ್ಯಾಬಿನಲ್ಲೂ ಇಂಗ್ಲಿಷಿನಲ್ಲೇ ಉತ್ತರ ಕೊಡುತ್ತಿದ್ದಳು. ಎಥಿಕ್ಸ್‌ನ ಇಂಟರ್ನಲ್ ಪರೀಕ್ಷೆಯಲ್ಲಿ, ಮೇಲಿನವರು ತಪ್ಪು ಮಾಡಿದರೆ ಎಂಜಿನಿಯರ್ ಏನು ಮಾಡಬೇಕು ಎಂಬ ಪ್ರಶ್ನೆಯ ಸಂಖ್ಯೆ ಬರೆದು ಮುಂದೆ ಖಾಲಿ ಬಿಟ್ಟಿದ್ದಳು. ಏನೂ ಬರೆಯದವಳಿಗೆ ಸೊನ್ನೆ ಕೊಡಬೇಕು. ಸೊನ್ನೆ ಹಾಕಿದೆ, ಹೊಡೆದೆ, ಮತ್ತೆ ಹಾಕಿದೆ. ಕೊನೆಗೆ ಸೊನ್ನೆಯೇ ಉಳಿಯಿತು. ಬಾಯಿಪಾಠದ ಉತ್ತರಗಳ ನಡುವೆ ಅಪರೂಪಕ್ಕೆ ಸರಿಯಾದ ಅಂಕವೇ ಬಿತ್ತು ಅನಿಸಿದರೂ ಆ ಪತ್ರಿಕೆಯ ಮೇಲೆ ನನ್ನ ಸಹಿ ನೋಡಲು ಮನಸ್ಸಾಗಲಿಲ್ಲ.

ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋದಾಗ, ಕಾಶ್ಮೀರದವರ ಶಾಲಿನ ಅಂಗಡಿಯ ಮುಂದೆ ಫಣೀಂದ್ರ ಸಿಕ್ಕ. ಹೆಂಡತಿ ಶಾಲು ನೋಡುತ್ತಿದ್ದಳು. ಅಮೀರ್‌ಪೇಟೆಯಲ್ಲಿ ಒಂದು ಕೋರ್ಸ್ ಮಾಡಿ ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟರ್ ಆಗಿದ್ದಾನಂತೆ. ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವುದೇ ಕೆಲಸ, ತಪ್ಪು ಸಿಕ್ಕಿದರೆ ಹೊಗಳುತ್ತಾರೆ ಮೇಡಂ ಎಂದು ನಕ್ಕ. ನಾನು ಬಹಳ ದಿನದಿಂದ ಮನಸ್ಸಿನಲ್ಲಿದ್ದುದನ್ನು ಹೇಳಿದೆ: ನೀನು ಬರೆದುಕೊಟ್ಟೆಯಲ್ಲ, ಅವತ್ತಿನ ನಿನ್ನ ಉತ್ತರಪತ್ರಿಕೆ ಬರೀ ಪರೀಕ್ಷೆಗಾಗಿ ಬರೆದದ್ದಲ್ಲ ಎಂದು ಆಗ ಗೊತ್ತಾಯಿತು.

ಅವನಿಗೆ ಸಂಕೋಚವಾಯಿತು. ಹೆಂಡತಿಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದ. ಆ ಪಾಠ ನೆನಪೂ ಇರಲಿಲ್ಲವಂತೆ.

“ನೀವು ಹ್ಯಾಮರ್ ತಂದು ನೋಡಿ ಹೋದಿರಲ್ಲ ಮೇಡಂ, ನೀವು ಹೇಗೂ ಹೇಳಿಬಿಡುತ್ತೀರಿ ಎಂದು ನನಗೆ ಗ್ಯಾರಂಟಿ ಇತ್ತು. ಹೊರಗಿನವರಿಂದ ತಿಳಿದರೆ ಕೇಸ್ ಆಗುತ್ತಿತ್ತು. ಅದಕ್ಕೇ ಮೊದಲು ನಾನೇ ಬರೆದೆ.”

ಗದ್ದಲದ ನಡುವೆ ನಾನು ತಲೆಯಾಡಿಸಿದೆ. ಅವನು ಬರೆದದ್ದು ನನಗೆ ಹೆದರಿ. ನಾನು ಬರೆಯುತ್ತಿದ್ದೆನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ಹಾಗಾದರೆ ಆ ಕಂಬಗಳನ್ನು ಗಟ್ಟಿ ಮಾಡಿಸಿದವರು ಯಾರು? ನನ್ನ ನೀತಿಪಾಠವಂತೂ ಅಲ್ಲ. ನಾನು ಬರೆಯದೆಯೂ ಇರಬಹುದಿತ್ತು ಎಂದು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಕೆಲಸ ಕಳೆದುಕೊಂಡದ್ದು ಸುಮ್ಮನೆ ಎಂದು ಅವನಿಗೆ ಅನಿಸುತ್ತಿತ್ತೇನೋ.

ರೇಣುಕಾಗೆ ಮಾತ್ರ ಹೇಳಬೇಕು ಅನಿಸಿತು. ಮಾತಿಗೆ ತಪ್ಪಿದವಳೆಂಬ ಹೆಸರು ಹೊತ್ತು ತಿರುಗುವುದು ನನಗೆ ಕಷ್ಟವಾಗಿತ್ತು. ಅವಳು ಕೊನೆಯ ಸೆಮಿಸ್ಟರಿನಲ್ಲಿದ್ದಳು. ಒಂದು ಮಧ್ಯಾಹ್ನ ಖಾಲಿ ತರಗತಿಯಲ್ಲಿ ನಿಲ್ಲಿಸಿಕೊಂಡು ಎಲ್ಲವನ್ನೂ ಹೇಳಿದೆ. ನಾನು ಕಟ್ಟಡದವರಾರಿಗೂ ಹೇಳಿರಲಿಲ್ಲ, ಫಣೀಂದ್ರನೇ ಬರೆದದ್ದು, ನಿನ್ನ ಅಪ್ಪನ ಹೆಸರು ನನ್ನಿಂದ ಹೋಗಲಿಲ್ಲ ಎಂದೆ. ಅವಳ ಮುಖ ಸಡಿಲವಾಗುತ್ತದೆಂದು ಕಾಯುತ್ತಿದ್ದೆ. ಎಷ್ಟೋ ತಿಂಗಳ ಮೇಲೆ ಅವಳು ಕನ್ನಡದಲ್ಲಿ ಕೇಳಿದಳು.

“ಅವರು ಬರೀದಿದ್ರ ನೀವು ಹೇಳಾವ್ರು ಇದ್ರೇನ್ರಿ ಮೇಡಂ?”

“ಗೊತ್ತಿಲ್ಲವ್ವ,” ಅಂದೆ. ಅದು ನಿಜವಾಗಿತ್ತು.

“ನಿಮ್ಮ ಮ್ಯಾಲ ಭಾಳ ಸಿಟ್ಟಿತ್ತರಿ,” ಅಂದಳು. “ಆದ್ರೂ ನೀವು ಹೋಗಿ ಹೇಳಿದ್ದು ಬರೋಬ್ಬರಿ ಅಂತ ಅನಿಸಿತ್ತು. ನಮ್ಮ ಮನ್ಯಾಗೂ ಅಪ್ಪನ ಮುಂದ ಹಂಗs ಹೇಳಿ ಜಗಳಾ ಮಾಡೀನ್ರಿ.”

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಚೆನ್ನಾಗಿತ್ತು. ನಾನು ಏನೋ ಹೇಳಹೊರಟೆ. ಅಷ್ಟರಲ್ಲಿ ಮುಂದಿನ ತರಗತಿಯ ಹುಡುಗರು ಬಾಗಿಲಲ್ಲಿ ಗುಂಪುಗೂಡಿದರು, ಅವಳು ಚೀಲ ಹೆಗಲಿಗೇರಿಸಿ ಅವರ ನಡುವೆ ದಾರಿ ಮಾಡಿಕೊಂಡು ಹೊರಗೆ ಹೋದಳು. ಆಗ ಶುರುವಾಗಬೇಕಿದ್ದದ್ದು ಎಥಿಕ್ಸ್ ಪಾಠವೇ. ನಾನು ಹಾಜರಿ ಕರೆದೆ, ಪುಸ್ತಕ ತೆರೆದೆ, ಎಲ್ಲಿಂದ ಶುರುಮಾಡಲಿ ಎಂದು ಅವರನ್ನೇ ಕೇಳಿದೆ.